ದುಂಡು ಬಿಲ್ಲೆ, ಚೌಕ ಬಿಲ್ಲೆ

ಕಟ್ಟುಹಲ್ಲು ತಯಾರಿಸುವುದು ಅವಳ ಕಸುಬು. ಹಾಗಾಗಿ ಬೀದಿಯವರಿಗೆಲ್ಲ ಅವಳು ಹಲ್ಲಕ್ಕ. ಎಂಥ ಬೊಚ್ಚುಬಾಯಿಗಾದರೂ ಸರಿಯಾಗಿ ಹಲ್ಲು ಕೂರಿಸುತ್ತಿದ್ದವಳಿಗೆ, ಅಣ್ಣನ ಹೆಬ್ಬೆರಳುದ್ದದ ಸೈನಿಕರು ಮಾತ್ರ ತಲೆಚಿಟ್ಟು ಹಿಡಿಸಿಬಿಟ್ಟಿದ್ದರು.

ಅಣ್ಣ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು, ತಂಗಿಯ ಮನೆಯಲ್ಲೇ ಇದ್ದ. ಅವನಿಗೂ ಅವನ ಗೆಳೆಯ ಕ್ಷೌರಿಕನಿಗೂ ಒಂದೇ ಹುಚ್ಚು. ಊಟದ ಮೇಜಿನ ಮೇಲೆ ಪುಟ್ಟ ಲೋಹದ ಸೈನ್ಯಗಳನ್ನು ನಿಲ್ಲಿಸಿ, ದಾಳ ಉರುಳಿಸಿ, ಟೇಪಿನಲ್ಲಿ ಅಳೆದು ಅಳೆದು ಯುದ್ಧವಾಡುವುದು. ಕ್ಷೌರಿಕನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಈ ಸೈನಿಕರು ತಾವಾಗಿ ನಿಲ್ಲುವವರಲ್ಲ. ಒಬ್ಬೊಬ್ಬನ ಕಾಲಡಿಗೂ ಒಂದು ಬಿಲ್ಲೆ ಅಂಟಿಸಬೇಕು. ಹೊಸ ಸೈನ್ಯ ತಂದಾಗ ಅಣ್ಣ ಆ ಕೆಲಸವನ್ನು ತಂಗಿಗೆ ಒಪ್ಪಿಸಿದ.

"ನಿನ್ನ ಕೈ ನಾಜೂಕು ಕಣೇ. ನಂದು ಸ್ಪ್ಯಾನರ್ ಹಿಡಿದ ಕೈ."

ಹಲ್ಲಕ್ಕ ಪುಟ್ಟ ಪಾದಗಳಿಗೆ ತೂತು ಕೊರೆದು, ತಂತಿಯ ಚೂರು ತೂರಿಸಿ, ದುಂಡು ಬಿಲ್ಲೆಗಳ ಮೇಲೆ ಕೂರಿಸಿದಳು. ಅಂಟಿನ ಮೇಲೆ ಮರಳು ಉದುರಿಸಿ, ಅಂಚಿಗೆ ಕಪ್ಪು ಬಣ್ಣ ಬಳಿದಳು. ಅಣ್ಣ ಒಂದೇ ಆಟ ಆಡಿ ಎಲ್ಲವನ್ನೂ ವಾಪಸು ತಂದ.

"ದುಂಡಗಿದ್ರೆ ಸಾಲು ಸರಿ ನಿಲ್ಲಲ್ಲ. ಚೌಕ ಹಾಕು."

ಹಾಕಿದಳು. ಮುಂದಿನ ವಾರ, "ಚಿಕ್ಕದಾಯ್ತು, ಬೀಳ್ತಾವೆ. ದೊಡ್ಡದು ಹಾಕು" ಅಂದ. ಅದನ್ನೂ ಮಾಡಿದಳು. ಆಮೇಲೆ ಬಂದು, "ಮುಂದಿನ ಅಂಚಿಗೆ ಒಂದು ಗೀರು ಕೊರೆದುಬಿಡು" ಅಂದ.

"ಗೀರು ಯಾಕಣ್ಣ?"

"ಚೆನ್ನಾಗಿರುತ್ತೆ."

"ಯಾರಿಗೆ ಕಾಣುತ್ತೆ ಅದು?"

"ಹಾಕು ಅಂದ್ರೆ ಹಾಕಮ್ಮ," ಎಂದು ಮುಖ ತಿರುಗಿಸಿದ.

ಹಲ್ಲಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ಅಣ್ಣ ಗಳಿಗೆಗೊಂದು ಮಾತಾಡುವ ಜನವಲ್ಲ. ಮೂವತ್ತು ವರ್ಷ ಒಂದೇ ನಮೂನೆಯ ಅಂಗಿ ತೊಟ್ಟವನು. ವಯಸ್ಸಾಗಿ ಬುದ್ಧಿ ಸಡಿಲವಾಗುತ್ತಿದೆಯೇ ಎಂದು ಒಳಗೊಳಗೇ ಅಳುಕಿದಳು. ಒಂದು ಮಧ್ಯಾಹ್ನ ಕತ್ತರಿಯ ಅಂಗಡಿಗೇ ಹೋದಳು. ಅವನು ಯಾರದೋ ಕೆನ್ನೆಗೆ ನೊರೆ ಬಳಿಯುತ್ತಿದ್ದ.

"ನಮ್ಮಣ್ಣಂಗೆ ಏನಾಗಿದೆ ಕತ್ತರಿ? ಬಿಲ್ಲೆ ಬದಲಾಯಿಸಿ ಬದಲಾಯಿಸಿ ನನ್ನ ಜೀವ ತಿಂತಿದಾನೆ."

"ನನಗೂ ತಿಳೀತಿಲ್ಲ ಅಕ್ಕ. ಬರೀ ಸೋಲ್ತಿದಾನೆ. ಆ ದೊಡ್ಡ ಬಿಲ್ಲೆಗೆ ಮಾತ್ರ ನಾನು ಒಪ್ಪಲ್ಲ. ಅಳತೆ ತೆಗೆಯೋದೇ ಬಿಲ್ಲೆ ಅಂಚಿಂದ. ಅವನದ್ದು ದೊಡ್ಡದಾದ್ರೆ ಅಷ್ಟು ದೂರ ಅವನಿಗೆ ಬಿಟ್ಟಿ ಸಿಗುತ್ತೆ, ನನಗೆ ಅನ್ಯಾಯ."

ಹೋದದ್ದು ಗೊಂದಲ ಕಳೆಯಲು, ಬಂದದ್ದು ಇನ್ನಷ್ಟು ಹೊತ್ತುಕೊಂಡು. ಅಣ್ಣ ಮೋಸದಾಟಕ್ಕೆ ಇಳಿದನೇ? ಅವಳಿಗೆ ನಂಬಿಕೆ ಬರಲಿಲ್ಲ. ನಂಬದೆ ಇರಲು ಕಾರಣವೂ ಹೊಳೆಯಲಿಲ್ಲ.

ಭಾನುವಾರ ಅವರ ಆಟದ ಹೊತ್ತಿಗೆ ಬಟ್ಟೆ ಮಡಚುವ ನೆಪದಲ್ಲಿ ಅಲ್ಲೇ ಕುಳಿತಳು. ಅಣ್ಣ ಸೈನಿಕನನ್ನು ಇಡುವ ಮೊದಲು ಬಿಲ್ಲೆಯ ಅಂಚನ್ನೆಲ್ಲ ಹೆಬ್ಬೆರಳಿನಿಂದ ತಡವುತ್ತಿದ್ದ. ಗೀರು ಸಿಕ್ಕ ಮೇಲೆ ಇಡುತ್ತಿದ್ದ. ಗೀರು ಕೊರೆಯದೆ ಉಳಿದಿದ್ದ ಒಬ್ಬ ಬಿಲ್ಲುಗಾರ ಕೈಗೆ ಬಂದ. ಅಣ್ಣ ತಡವಿದ, ತಡೆದ, ಮತ್ತೆ ತಡವಿ, ಕೊನೆಗೆ ಇಟ್ಟುಬಿಟ್ಟ. ಬಿಲ್ಲುಗಾರ ಶತ್ರುಗಳಿಗೆ ಬೆನ್ನು ತೋರಿಸಿ, ತನ್ನವರ ಕಡೆಗೇ ಗುರಿಯಿಟ್ಟು ನಿಂತಿದ್ದ. ಕತ್ತರಿ ಕೈ ಚಾಚಿ ಅವನನ್ನು ತನ್ನ ಸೈನ್ಯದ ಕಡೆಗೆ ತಿರುಗಿಸಿದ.

ಹಲ್ಲಕ್ಕನ ಕೈಯಲ್ಲಿದ್ದ ಅಂಗಿ ಮಡಿಲಿಗೆ ಜಾರಿತು.

ಕತ್ತರಿ ಹೋದ ಮೇಲೆ ಅಣ್ಣನ ಎದುರು ಕುಳಿತಳು. "ನಿನಗೆ ಕಣ್ಣು ಕಾಣ್ತಿಲ್ಲ, ಅಲ್ವಾ?"

"ಕಾಣುತ್ತೆ. ನೀನು ಕಾಣ್ತೀಯ, ಬಾಗಿಲು ಕಾಣುತ್ತೆ." ಮೇಜಿನ ಮೇಲಿದ್ದ ಬಿಲ್ಲುಗಾರನನ್ನು ಕೈಗೆ ತೆಗೆದುಕೊಂಡ. "ಯಾವುದನ್ನ ನೇರ ನೋಡ್ತೀನೋ ಅದೇ ಕಾಣಲ್ಲ. ಮಧ್ಯೆ ಒರೆಸಿಹಾಕಿದ ಹಾಗಿರುತ್ತೆ."

"ಹೇಳೋದಲ್ವಾ ಅಣ್ಣ?"

"ನನಗೇ ಗೊತ್ತಾಗ್ಲಿಲ್ಲ ಕಣೇ. ಮೊದಲು ಬಿಲ್ಲೆಯದ್ದೇ ತಪ್ಪು ಅಂದ್ಕೊಂಡೆ. ಚೌಕ ಹಾಕಿದ್ರೆ ಸರಿಹೋಗುತ್ತೆ, ದೊಡ್ಡದು ಹಾಕಿದ್ರೆ ಸರಿಹೋಗುತ್ತೆ ಅಂತ..."

ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಹೋದದ್ದು ಬರುವುದಿಲ್ಲ, ಇಂಜೆಕ್ಷನ್ನಿನಿಂದ ಇರುವುದು ಉಳಿಯಬಹುದು ಎಂದರು. ಆಟೋದಲ್ಲಿ ಬರುವಾಗ ಅಣ್ಣ ಬೀದಿಯ ಕಡೆಗೇ ಮುಖ ಮಾಡಿ ಕುಳಿತಿದ್ದ. ಏನು ನೋಡುತ್ತಿದ್ದಾನೋ, ಏನು ಬಿಡುತ್ತಿದ್ದಾನೋ ಎಂದು ಅವಳು ಅವನನ್ನೇ ನೋಡುತ್ತ ಬಂದಳು.

ಆ ವಾರ ಹಲ್ಲಕ್ಕ ಹಲ್ಲು ಕೊರೆಯುವ ಯಂತ್ರವನ್ನೇ ಮನೆಗೆ ತಂದಳು. ಎಲ್ಲರಿಗೂ ಅದೇ ಚೌಕದ ದೊಡ್ಡ ಬಿಲ್ಲೆ. ಮುಂದಿನ ಅಂಚಿನಲ್ಲಿ ಕತ್ತಿಯವರಿಗೆ ಒಂದು ಗೀರು, ಬಿಲ್ಲುಗಾರರಿಗೆ ಎರಡು, ಕುದುರೆಯವರಿಗೆ ಒಂದು ಉಬ್ಬು. ಅಣ್ಣ ಕಣ್ಣು ಮುಚ್ಚಿ ತಡವಿ, "ಇವನು ಬಿಲ್ಲುಗಾರ" ಎಂದಾಗ ಅವಳು ನಕ್ಕಳು. ಕತ್ತರಿ ಜಗಳ ತೆಗೆದರೆ ಏನು ಹೇಳುವುದೆಂದು ಉತ್ತರ ಕಟ್ಟಿಟ್ಟುಕೊಂಡಳು.

ಕತ್ತರಿ ಬಂದದ್ದು ದೊಡ್ಡದೊಂದು ಡಬ್ಬ ಹೊತ್ತುಕೊಂಡು. ಒಳಗೆ ಹತ್ತಿಯಲ್ಲಿ ಸುತ್ತಿದ ಅವನ ಇಡೀ ಸೈನ್ಯ.

"ಇವಕ್ಕೂ ಅದೇ ಅಳತೆ, ಅದೇ ಗೀರು ಹಾಕಕ್ಕ. ಇಬ್ಬರದ್ದೂ ದೊಡ್ಡದಾದ್ರೆ ಯಾರಿಗೂ ಅನ್ಯಾಯ ಇಲ್ಲ."

"ಅಣ್ಣನ ಕಣ್ಣಿನ ವಿಷಯ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಂತ ಹೆಂಗೆ ಹೇಳ್ಲಿ? ಗೊತ್ತಿರ್ಲಿಲ್ಲ ಅಂತಾನೂ ಹೆಂಗೆ ಹೇಳ್ಲಿ?" ಎಂದು ತಲೆ ಕೆರೆದುಕೊಂಡ.

ಅದನ್ನು ಹೌದೆಂದುಕೊಳ್ಳಬೇಕೋ ಇಲ್ಲವೆಂದುಕೊಳ್ಳಬೇಕೋ ತಿಳಿಯದೆ ಅವಳು ಕೆಲಸಕ್ಕೆ ಕುಳಿತಳು. ಕತ್ತರಿಯ ದಳಪತಿಯನ್ನು ಎತ್ತಿಕೊಂಡು ತಬ್ಬಿಬ್ಬಾದಳು. ಅವನ ಕಾಲು ಒಂದು ಕಡೆ, ಮುಖ ಇನ್ನೊಂದು ಕಡೆ.

"ಇವನ ಮುಂದು ಯಾವುದು?"

"ಮುಖ ಇರೋ ಕಡೆ," ಅಂದ ಕತ್ತರಿ.

"ಕಾಲು ಇರೋ ಕಡೆ," ಅಂದ ಅಣ್ಣ, ಗೊಂಬೆಯನ್ನು ಕಸಿದುಕೊಂಡು ತಡವುತ್ತ. "ಮುಖ ಎಲ್ಲಿ ಬೇಕಾದ್ರೂ ತಿರುಗುತ್ತಪ್ಪ."

ಇಬ್ಬರೂ ಜೋರಾಗಿ ಕಚ್ಚಾಡತೊಡಗಿದರು. ಹಲ್ಲಕ್ಕ ಯಂತ್ರ ಆರಿಸಿ, ಕೆನ್ನೆಗೆ ಕೈಕೊಟ್ಟು ಕುಳಿತಳು.