ಡಬಲ್ ಸೋಪು

"ಪ್ರೊಫೆಸರ್ ಸಾರ್ ಬಾಟಲಿಗಾದ್ರೆ ಡಬಲ್ ಸೋಪು ಕಣಮ್ಮ, ಮಿಕ್ಕೋರ್ದಕ್ಕೆಲ್ಲ ಸಿಂಗಲ್," ಎಂದಳು ಗಾಜಕ್ಕ, ಸಿಂಕಿನಿಂದ ತಲೆಯೆತ್ತದೆ. ಪ್ರಯೋಗಾಲಯದ ಗಾಜಿನ ಸಾಮಾನನ್ನು ಹದಿನೆಂಟು ವರ್ಷದಿಂದ ತೊಳೆಯುತ್ತಿದ್ದವಳಿಗೆ ಆ ಹೆಸರು ತಾನಾಗಿಯೇ ಅಂಟಿತ್ತು.

"ಆಮೇಲೆ ನೀರು ಎಷ್ಟು ಸಲ ಹಾಕ್ತೀಯಕ್ಕ?" ಎಂದು ಕೇಳಿದಳು ವಿದ್ಯಾರ್ಥಿನಿ.

"ಅವರದಕ್ಕೆ ಒಂದೇ ಸಲ. ದೊಡ್ಡೋರ ಬಾಟಲಿ, ಒಳಗೆ ಚೂರು ಸೋಪು ಉಳಿದಿದ್ರೆ ಕ್ರಿಮಿ ಹತ್ರ ಸುಳಿಯಲ್ಲ. 'ನನ್ನ ಬಾಟಲಿ ವಿಶೇಷವಾಗಿ ತೊಳಿ' ಅಂತ ಅವರೇ ಹೇಳಿದ್ದು. ಯಾಕಮ್ಮ, ಮುಖ ಹಿಂಗಾಯ್ತು?"

ಮುಖ ಹಾಗಾಗದೆ ಇನ್ನೇನಾದೀತು? ಪ್ರೊಫೆಸರರ ಕೀರ್ತಿಯೆಲ್ಲ ನಿಂತಿದ್ದುದೇ ಆ ಬಾಟಲಿಗಳ ಮೇಲೆ. ಅವುಗಳಲ್ಲಿ ಯಾವುದೋ ಬೇರಿನ ರಸ ಇಡುತ್ತಿದ್ದರು. ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ನಾಲ್ಕು ಹನಿ ಬಿಟ್ಟರೆ ಮರುದಿನಕ್ಕೆ ಎಲ್ಲ ಸತ್ತು ಬಿದ್ದಿರುತ್ತಿದ್ದವು. ಪಕ್ಕದ ತಟ್ಟೆಗೆ ಮಾಮೂಲಿ ಬಾಟಲಿಯ ಬರೀ ನೀರು; ಅಲ್ಲಿ ಕೋಶಗಳು ಮದುವೆ ಮನೆಯ ನೆಂಟರಂತೆ ತುಂಬಿ ತುಳುಕುತ್ತಿದ್ದವು. ಈ ಎರಡು ತಟ್ಟೆಗಳ ಚಿತ್ರ ತೋರಿಸಿಯೇ ಆರು ವರ್ಷ ಭಾಷಣ ಬಿಗಿದಿದ್ದರು. ಮಂತ್ರಕ್ಕಿಂತ ಉಗುಳೇ ಜಾಸ್ತಿ.

ಅವರ ಇಬ್ಬರು ವಿದ್ಯಾರ್ಥಿಗಳು ಆ ಸಾವುಗಳ ಪುಣ್ಯದಿಂದ ಸ್ನಾತಕೋತ್ತರ ಪದವಿ ಪಡೆದು ದಾಟಿಕೊಂಡಿದ್ದರು. ಮೂರನೆಯವಳು ಇವಳು. ಬಯೋಮೆಡಿಕಲ್ ಸೈನ್ಸಿನ ಎರಡು ವರ್ಷದ ಕೋರ್ಸು ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿತ್ತು. "ನಿನ್ನ ಜೊತೆ ಓದಿದವಳ ಮಗಳು ಸ್ಕೂಲಿಗೆ ಹೋಗ್ತಿದಾಳೆ, ನೀನೂ ಹೋಗ್ತಿದೀಯ," ಎಂದು ಅಮ್ಮ ಫೋನಿನಲ್ಲಿ ಚುಚ್ಚುತ್ತಿದ್ದಳು. ಕಳೆದ ತಿಂಗಳು ಗಾಜಕ್ಕ ರಜೆಯಲ್ಲಿದ್ದಾಗ ಇವಳೇ ಬಾಟಲಿ ತೊಳೆದು ರಸ ತುಂಬಿದಳು, ಕೋಶಗಳು ಸಾಯಲಿಲ್ಲ. ಮೂರು ಸಲ ಮಾಡಿದಳು, ಮೂರು ಸಲವೂ ಸಾಯಲಿಲ್ಲ. "ನಿನ್ನ ಕೈಗುಣ ಸರಿಯಿಲ್ಲ," ಎಂದು ಪ್ರೊಫೆಸರರು ತೀರ್ಪು ಕೊಟ್ಟಿದ್ದರು. ಪ್ರಬಂಧ ಒಪ್ಪಿಸಲು ಶುಕ್ರವಾರ ಕೊನೆಯ ದಿನ. ಅವರ ಸಹಿ ಬೀಳದಿದ್ದರೆ ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸೋಪಿನ ಮಾತು ಕೇಳಿದ ದಿನವೇ ಅವಳು ಗಾಜಕ್ಕನ ಕೈಯಿಂದ ಡಬಲ್ ಸೋಪಿನ ಖಾಲಿ ಬಾಟಲಿಯೊಂದನ್ನು ಇಸಿದುಕೊಂಡು ಬರೀ ನೀರು ತುಂಬಿ, ಅದರ ನಾಲ್ಕು ಹನಿ ಕೋಶಗಳ ಮೇಲೆ ಬಿಟ್ಟಳು. ಬೇರಿಲ್ಲ, ರಸವಿಲ್ಲ. ಮರುದಿನ ನೋಡಿದರೆ ಕೋಶಗಳೆಲ್ಲ ಸತ್ತಿದ್ದವು.

ಶುಕ್ರವಾರ ಬೆಳಿಗ್ಗೆ ಪ್ರೊಫೆಸರರು ಕೊನೆಯ ಅಧ್ಯಾಯ ಓದಿ ಕನ್ನಡಕ ತೆಗೆದಿಟ್ಟರು.

"ಅಲ್ಲಮ್ಮ, ಸೋಪು ಅಂತ ಬರೆದಿದೀಯ."

"ಸೋಪೇ ಸಾರ್."

"ಸೋಪು ಅನ್ನೋದು ಬಚ್ಚಲಮನೆ ಮಾತು. 'ರಸದ ಪರಿಣಾಮ ಪಾತ್ರೆಯ ಪೂರ್ವಸ್ಥಿತಿಯನ್ನು ಅವಲಂಬಿಸಿದೆ' ಅಂತ ಬರಿ."

"ರಸ ಇಲ್ದೇನೂ ಸತ್ವು ಸಾರ್."

"ಅಂದ್ರೆ ರಸಕ್ಕೆ ಸೋಪಿನಷ್ಟೇ ಶಕ್ತಿ ಇದೆ ಅಂತಾಯ್ತಲ್ಲ?"

ಅವಳಿಗೆ ನಗು ಬಂತು, ನುಂಗಿಕೊಂಡಳು. "ಬರೀತೀನಿ ಸಾರ್. ಆದ್ರೆ ಪರೀಕ್ಷಕರು 'ಬಾಟಲಿ ಹೇಗೆ ತೊಳೆದ್ರಿ' ಅಂತ ಕೇಳಿದ್ರೆ ನಂಗೆ ಸುಳ್ಳು ಹೇಳೋಕೆ ಬರಲ್ಲ. ಗಾಜಕ್ಕನಿಗಂತೂ ಬರೋದೇ ಇಲ್ಲ."

ಪ್ರೊಫೆಸರರು ಕಿಟಕಿಯಾಚೆ ನೋಡಿದರು. ಮುಂದಿನ ಭಾಷಣ ಎಲ್ಲಿದೆಯೆಂದು ಲೆಕ್ಕ ಹಾಕಿದರೋ ಏನೋ. ಆಮೇಲೆ ಪೆನ್ನು ಕೈಗೆತ್ತಿಕೊಂಡು, "ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು ಕಣಮ್ಮ. ಅದಕ್ಕೇ ನಿನ್ನ ಇದಕ್ಕೆ ಹಚ್ಚಿದ್ದು. ಮುನ್ನುಡೀಲಿ ಅದೊಂದು ಸಾಲು ಸೇರಿಸು," ಎಂದರು.

"ಗಾಜಕ್ಕಂದೂ ಒಂದು ಸಾಲು ಸೇರಿಸ್ತೀನಿ ಸಾರ್. ಪಕ್ಕಪಕ್ಕ ಇರ್ಲಿ."

ಒಂದು ಗಳಿಗೆ ಪೆನ್ನು ಕಾಗದದ ಮೇಲೆ ತೂಗಾಡಿತು. ಆಮೇಲೆ ಸಹಿ ಬಿತ್ತು.

ಪ್ರಬಂಧ ಒಪ್ಪಿಸಿ ಬಂದವಳು ಗಾಜಕ್ಕನಿಗೆ ಸುದ್ದಿ ಮುಟ್ಟಿಸಿದಳು. ಗಾಜಕ್ಕ ಸೀರೆಗೆ ಕೈ ಒರೆಸಿಕೊಂಡು, "ಹಂಗಾದ್ರೆ ಅವರ ಬಾಟಲಿಗೆ ಇನ್ಮೇಲೆ ಎಷ್ಟು ನೀರು?" ಎಂದಳು.

"ನೊರೆ ನಿಲ್ಲೋವರೆಗೂ ಹಾಕಕ್ಕ."

ಗಾಜಕ್ಕ ಪ್ರೊಫೆಸರರ ಹಳೆಯ ಬಾಟಲಿಯೊಂದನ್ನು ನಲ್ಲಿಯ ಕೆಳಗೆ ಹಿಡಿದು ತುಂಬಿಸಿದಳು, ಕುಲುಕಿದಳು, ಚೆಲ್ಲಿದಳು. ಹತ್ತನೆಯ ಸಲವೂ ನೊರೆ ಬಂತು.