ನಾಲ್ಕು ಕಡೆಯ ಚೂರು

ನಮ್ಮ ಯಜಮಾನರು ಮುರುಗೇಶಪ್ಪನವರು ಯಾರ ಮಾತನ್ನೂ ಸುಮ್ಮನೆ ನಂಬುವ ಪೈಕಿ ಅಲ್ಲ. ಸಂತೇಬೆನ್ನೂರಿನಲ್ಲಿ ಮೂವತ್ತು ವರ್ಷ ಅಡಿಕೆ ದರ್ಜೆ ನೋಡಿದವರು. ಮೂಟೆಯ ಮೇಲಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ಅಡಿಯಿಂದ ಒಂದು ಹಿಡಿ ತೆಗೆದು, ಅಡಕತ್ತರಿಯಲ್ಲಿ ಕತ್ತರಿಸಿ, ಬಾಯಿಗೆ ಹಾಕಿ ಅಗಿದ ಮೇಲೇ ದರ್ಜೆ ಹೇಳುವುದು. ಜೊತೆಗೆ ತಂಬಾಕಿನ ಚಟ ಬೇರೆ. ಬೇಡ ಎಂದು ನಾನು ಬಡಿದುಕೊಂಡದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕಡೆಗೆ ನಾಲಿಗೆಯ ಅಂಚಿನಲ್ಲಿ ಗಂಟು ಬಂತು. ಕ್ಯಾನ್ಸರ್ ಅಂದರು, ದಾವಣಗೆರೆಯಲ್ಲಿ ಆಪರೇಷನ್ ಮಾಡಿ ತೆಗೆದರು.

ಇನ್ನು ಆರು ವಾರ ಕರೆಂಟ್ ಕೊಡಬೇಕು ಎಂದರು ಡಾಕ್ಟರು. ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು. ಇವರು ಒಪ್ಪಲೇ ಇಲ್ಲ.

"ಹೋಗೋದಿದ್ರೆ ಹೋಗ್ತೀನಿ ಬಿಡೇ. ಸುಮ್ನೆ ಸುಡಿಸ್ಕೊಳ್ಳಾಕೆ ಯಾಕೆ ಹೋಗ್ಬೇಕು?"

ನನಗೆ ಮೈಯೆಲ್ಲ ಉರಿದುಹೋಯಿತು. "ನಾಲಿಗೆ ಕತ್ತರಿಸಿದ್ರೂ ಕೆಟ್ಟ ಮಾತು ಬಿಡ್ಲಿಲ್ವಲ್ರೀ!" ಎಂದು ಬೈದು, ಹಿತ್ತಲಿಗೆ ಹೋಗಿ ಅತ್ತೆ. ನನ್ನ ಜೊತೆ ಬದುಕುವುದೇ ಇವರಿಗೆ ಸಾಕಾಗಿದೆಯೇನೋ ಅನ್ನಿಸಿತ್ತು. ಈಗ ಹೇಳುವಾಗ ನಗು ಬರುತ್ತದೆ, ಆವತ್ತು ಬರಲಿಲ್ಲ.

ತೆಗೆದ ಗಂಟನ್ನು ಜೀನ್ ಪರೀಕ್ಷೆಗೆ ಕಳಿಸಿದ್ದರು. ಈ ರೋಗ ಮತ್ತೆ ಬರುವ ಜಾತಿಯದೋ, ತಣ್ಣಗಾಗುವ ಜಾತಿಯದೋ ಎಂದು ಅದರಲ್ಲಿ ಅಂದಾಜು ಸಿಗುತ್ತದಂತೆ. ಆ ರಿಪೋರ್ಟ್ ಕೇಳುವುದಕ್ಕಾದರೂ ಬನ್ನಿ ಎಂದು ಕಾಡಿ ಬೇಡಿ ಬಸ್ಸು ಹತ್ತಿಸಿದೆ.

ಡಾಕ್ಟರ್ ಸಂಧ್ಯಾರಾಣಿ ಕಾಗದ ನೋಡಿ ನಕ್ಕರು. "ಯಜಮಾನ್ರೇ, ನಿಮ್ಮದು ಒಳ್ಳೆ ಗುಂಪಿಗೆ ಸೇರಿದೆ. ಕರೆಂಟ್ ತಗೊಂಡ್ರೆ ಇಂಥವರಲ್ಲಿ ಹೆಚ್ಚಿನವರಿಗೆ ಮತ್ತೆ ಬರಲ್ಲ."

ನಾನು ಕೈಮುಗಿದೆ. ಇವರು ಮಾತ್ರ ತೊದಲುತ್ತಲೇ ಕೇಳಿದರು, "ಸ್ಯಾಂಪಲ್ ಎಲ್ಲಿಂದ ತೆಗೆದ್ರಿ ಮೇಡಂ?"

"ಗಂಟಿಂದಲೇ."

"ಗಂಟಲ್ಲಿ ಎಲ್ಲಿಂದ? ಒಂದೇ ಕಡೆಯಿಂದ ತೆಗೆದಿದ್ರೆ ನಾನು ಒಪ್ಪಲ್ಲ. ಮೂಟೆ ಬಾಯಾಗೆ ಚಂದದ್ದು ಇಟ್ಟು, ಅಡೀಲಿ ಕಸ ತುಂಬೋರನ್ನ ಬೇಕಾದಷ್ಟು ನೋಡೀನಿ."

ಅಯ್ಯೋ ಶಿವನೇ, ಡಾಕ್ಟರ ಮುಂದೆ ಎಂಥ ಮಾತು! ನಾನು ಇವರ ತೋಳು ಚಿವುಟಿದೆ. ಆದರೆ ಆ ತಾಯಿ ಬೇಜಾರಾಗುವ ಬದಲು ಕುರ್ಚಿ ಮುಂದೆಳೆದುಕೊಂಡರು. ಕಂಪ್ಯೂಟರನ್ನು ಇವರ ಕಡೆ ತಿರುಗಿಸಿ ಗಂಟಿನ ಚಿತ್ರ ತೋರಿಸಿದರು.

"ಸರಿಯಾಗೇ ಕೇಳಿದ್ರಿ. ಒಂದೇ ಗಂಟು ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ಅದಕ್ಕೇ ನಾಲ್ಕು ಕಡೆಯಿಂದ ಚೂರು ತೆಗೆಸಿದ್ದೀನಿ."

ಇವರು ಕನ್ನಡಕ ಹಾಕಿಕೊಂಡು ಬಗ್ಗಿದರು. "ಈ ಅಡೀದು ಹೆಂಗೈತೆ?"

"ಅದೂ ಒಳ್ಳೇದೇ."

"ಹಂಗಾದ್ರೆ ಗ್ಯಾರಂಟಿನಾ?"

"ಇಲ್ಲ. ಇದೇನು ಜಾತಕ ಅಲ್ಲ. ನೂರು ಜನದಲ್ಲಿ ಹದಿನೈದು ಜನಕ್ಕೆ ಮತ್ತೆ ಬರಬಹುದು. ನೀವು ಯಾರ ಪೈಕಿ ಅಂತ ನನಗೂ ಗೊತ್ತಿಲ್ಲ."

ಕೆಟ್ಟಿತು ಕೆಲಸ, ಈಗ ಎದ್ದು ಹೊರಡುತ್ತಾರೆ ಅಂದುಕೊಂಡೆ. ಇವರು ಏಳಲಿಲ್ಲ. ತನ್ನ ಮಾಲಿನಲ್ಲಿ ಕೊಳೆತದ್ದೂ ಇರಬಹುದು ಎಂದು ತಾನೇ ಬಾಯಿಬಿಟ್ಟು ಹೇಳಿದವರು ಮೂವತ್ತು ವರ್ಷದಲ್ಲಿ ಒಬ್ಬರೂ ಸಿಕ್ಕಿರಲಿಲ್ಲವಂತೆ. ಆಮೇಲೆ ಬಸ್ಸಿನಲ್ಲಿ ಊರಿಗೆ ವಾಪಸ್ ಬರುವಾಗ ಹೇಳಿದರು.

"ಯಾವತ್ತಿಂದ ಬರ್ಬೇಕು?" ಎಂದು ಕೇಳಿ ಒಪ್ಪಿಗೆ ಕಾಗದ ಎಳೆದುಕೊಂಡರು.

ಸಹಿ ಮಾಡಿದರು. ಪೆನ್ನು ಕೆಳಗಿಟ್ಟು, ತಲೆ ಎತ್ತದೆ ಅಂದರು, "ನಂಗೆ ಸಾಯಾಕೆ ಭಯ ಐತ್ರೀ ಮೇಡಂ. ಇವಳ ಮುಂದೆ ಹೇಳಾಕೆ ಆಗಿರ್ಲಿಲ್ಲ."

ಇವಳು ಪಕ್ಕದಲ್ಲೇ ಕೂತಿದ್ದಾಳೆ ಎನ್ನುವುದನ್ನೂ ಮರೆತಿದ್ದರು ಪುಣ್ಯಾತ್ಮರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಸೆರಗಿನಿಂದ ಅವರ ಕಣ್ಣು ಒರೆಸಿದೆ.

"ನಂಗೂ ಭಯ ಐತ್ರೀ," ಎಂದೆ.

ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ನಾವಿಬ್ಬರೂ ಒಂದೇ ಮಾತು ಆಡಿದ್ದು.