ಯೂಸುಫಸಾಬರ ಕುರ್ಚಿ

ಯೂಸುಫಸಾಬರು ಕುರ್ಚಿಯ ಮೇಲೆ ಕುಳಿತದ್ದನ್ನು ನೋಡಿದವರು ಬ್ಯಾಡಗಿಯಲ್ಲಿ ಯಾರೂ ಇರಲಿಲ್ಲ. ಊರಿನ ಮದುವೆ, ಸತ್ತವರ ಮಣ್ಣು, ಉರುಸು, ಪುರಾಣ, ರಕ್ತದಾನದ ಶಿಬಿರ, ಯಾವುದೇ ಇರಲಿ, ಕುರ್ಚಿ ಹಾಕಿದವರು, ಒರೆಸಿದವರು, ಮುಗಿದ ಮೇಲೆ ಒಂದರೊಳಗೊಂದು ಸೇರಿಸಿ ಒಟ್ಟಿದವರು ಅವರೇ. ಆದರೆ “ಕುಂದರ್ರಿ ಸಾಬ್ರ” ಎಂದರೆ “ಆತು ತಗೋರಿ” ಎಂದು ಆ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂಡಿಸಿ ಮಾಯವಾಗುವ ಮಹಾನುಭಾವರು. ಮೊಣಕಾಲು ಸವೆದು ಮೈ ಒಂದು ಮಗ್ಗುಲಿಗೆ ವಾಲುತ್ತಿತ್ತು. ಆ ವಾಲುನಡಿಗೆಯಲ್ಲೇ ಗಟ್ಟಿ ಕಾಲಿನವರನ್ನು ಹಿಂದೆ ಹಾಕುತ್ತಿದ್ದರು.

ಹೊಟ್ಟೆಪಾಡಿಗೆ ಮೆಣಸಿನಕಾಯಿ ಪೇಟೆಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ. ಬಣ್ಣಗೆಟ್ಟ ಜಾಕೀಟಿನ ಕಿಸೆಯಲ್ಲಿ ದಬ್ಬಣ, ಸುತಳಿ ಸದಾ ಸಿದ್ಧ. ಒಮ್ಮೆ ಮೋಟೆಬೆನ್ನೂರಿನ ಮದುವೆಯೊಂದರಲ್ಲಿ, ಅಕ್ಷತೆಗೆ ಹೊತ್ತಾಯಿತೆನ್ನುವಾಗಲೇ ಗಾಳಿಗೆ ಹಂದರದ ಬಟ್ಟೆ ಸೀಳಿತು. ಸಾಬರು ಏಣಿಯ ಮೇಲೆ ನಿಂತೇ ಹೊಲಿದು, ಇಳಿದವರೇ ಸಾರಿನ ಬಕೇಟು ಹಿಡಿದು ಬಡಿಸಲು ಹೊರಟರು. ಅವರು ಉಂಡರೋ ಇಲ್ಲವೋ ಎಂದು ಕೇಳುವುದು ಎರಡೂ ಕಡೆಯ ಬೀಗರಿಗೆ ಮರೆತುಹೋಯಿತು.

ಈ ಮರೆವು ಸಾಬರಿಗೆ ತಾಕುತ್ತಿರಲಿಲ್ಲ; ಹೆಂಡತಿ ತಾಜಬಿಯ ಕರುಳಿಗೆ ಚುಚ್ಚುತ್ತಿತ್ತು. ಊರಲ್ಲಿ ಯಾರಿಗೇ ಸನ್ಮಾನವಾಗಲಿ, ಹಾವೇರಿಗೆ ಹೋಗಿ ಶಾಲು ತರುವವರು, ವೇದಿಕೆಯ ಮೇಲೆ ಶಾಲಿನ ತಾಟು ಹಿಡಿದು ನಿಲ್ಲುವವರು ತನ್ನ ಗಂಡನೇ. “ಮಂದಿಗೆಲ್ಲಾ ಶಾಲು ಹೊಚ್ಚಸ್ತೀರಿ, ನಿಮ್ಮ ಹೆಗಲ ಮ್ಯಾಲ ಒಂದ ಟಾವೆಲ್ಲರ ಹಾಕ್ಯಾರೇನು?” ಎಂದು ಕೇಳಿ ಕೇಳಿ ಸೋತಿದ್ದಳು. ಒಮ್ಮೆಯಾದರೂ ಈ ಮನುಷ್ಯ ನಾಲ್ಕು ಜನರ ಎದುರು ಮರ್ಯಾದೆಯಿಂದ ಕುಳಿತದ್ದನ್ನು ಕಣ್ತುಂಬ ನೋಡಬೇಕು, ಅಷ್ಟೇ ಅವಳ ಹಂಬಲ.

ಮೊನ್ನೆ ಊರಿನ ಗೆಳೆಯರ ಬಳಗ ಸ್ವಯಂಸೇವಕರಿಗೆ ಸನ್ಮಾನ ಇಟ್ಟುಕೊಂಡಿತು. ಅಧ್ಯಕ್ಷರು ದಲಾಲಿ ಅಂಗಡಿಯ ಶಂಕ್ರಪ್ಪನವರು. ಕೊನೆಯ ಸನ್ಮಾನ ಸಾಬರಿಗೇ ಎಂದು ನಿರ್ಧರಿಸಿ, ಅವರಿಗೆ ಸುಳಿವು ಕೊಡದೆ, ತಾಜಬಿಗಷ್ಟೇ ಹೇಳಿ ಮುಂದಿನ ಸಾಲಿನಲ್ಲಿ ಕೂಡಿಸಿದರು. ಎಲ್ಲ ಸರಿ, ಆದರೆ ಶಾಲು ತರುವುದು ಸಾಬರ ಕೆಲಸವೆಂಬುದು ಎಷ್ಟು ಒಗ್ಗಿಹೋಗಿತ್ತೆಂದರೆ, ಅವರ ಶಾಲನ್ನು ಬೇರೆ ಯಾರಾದರೂ ತರಬೇಕೆಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಜಾಣರ ಸಭೆ ಅಂದರೆ ಇದೇ ನೋಡಿ!

ನಿರೂಪಕಿ ಭುವನಾ ಸಾಬರ ಹೆಸರು ಕೂಗಿದಾಗ ಅವರು ಎಂದಿನಂತೆ ತಾಟು ಹಿಡಿದು ಹಿಂದೆ ನಿಂತಿದ್ದರು. ತಾಟು ಖಾಲಿ. ಅದನ್ನು ನೋಡಿ ಅವರ ಮುಖ ಕಳೆಗುಂದಿತು.

“ತಪ್ಪಾತ್ರಿ, ಒಂದ ಶಾಲು ಕಮ್ಮಿ ತಂದೇನಿ. ತಡೀರಿ, ಪ್ಯಾಟ್ಯಾಗಿಂದ ಲಗೂನ ತಂದಬಿಡ್ತೇನಿ” ಎಂದು ತಮ್ಮ ಶಾಲನ್ನು ತಾವೇ ತರಲು ಮೆಟ್ಟಿಲಿಳಿಯತೊಡಗಿದರು.

ಶಂಕ್ರಪ್ಪನವರು ನಾಚಿಕೆಯಿಂದ ಕುಗ್ಗಿಹೋದರು. ಎದ್ದು ಬಂದು, “ತಪ್ಪು ನಿಮ್ದಲ್ರಿ ಸಾಬ್ರ, ನಮ್ದು” ಎಂದು ತಾಟನ್ನು ಇಸಿದುಕೊಂಡರು. ಆದರೂ ಸಾಬರ ಕಾಲು ನಿಲ್ಲಲಿಲ್ಲ.

ಆಗ ಮುಂದಿನ ಸಾಲಿನಿಂದ ತಾಜಬಿ ಎದ್ದು ನಿಂತಳು. “ಶಾಲು ಹಾಳಾಗಿ ಹೋಗ್ಲಿ! ಇವತ್ತರ ಕುಂದರ್ರಿ!”

ಆ ದನಿಯಲ್ಲಿ ಸಿಟ್ಟಿತ್ತು, ಅಳುವೂ ಇತ್ತು. ಸಾಬರು ಮರಳಿ ಬಂದು, ಬೆಳಿಗ್ಗೆ ತಾವೇ ಒರೆಸಿಟ್ಟ ಕುರ್ಚಿಯ ಅಂಚಿಗೆ ಕುಳಿತರು. ಬರಿಗೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದನ್ನು ಕಂಡು ಅವರೂ ಏಳಹೋದಾಗ ಶಂಕ್ರಪ್ಪನವರು ಹೆಗಲು ಹಿಡಿದು ಕೂಡಿಸಿದರು. ತಾಜಬಿ ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದ್ದೇ ನೋಡಿದ್ದು.

ಇಂಥವರು ಪ್ರತಿ ಊರಲ್ಲಿಯೂ ಒಬ್ಬಿಬ್ಬರು ಇರುತ್ತಾರೆ. ಅವರಿಗೆ ಏನೂ ಬೇಡವೆಂದು ನಾವೇ ತೀರ್ಮಾನಿಸಿ, ಅದಕ್ಕೆ ನಿಸ್ಪೃಹತೆಯೆಂಬ ದೊಡ್ಡ ಹೆಸರಿಟ್ಟು ಹಾಯಾಗಿರುತ್ತೇವೆ. ಆದರೆ ಅಂದು ಕಾರ್ಯಕ್ರಮ ಮುಗಿದು, ಸುತ್ತ ಬೇರೆಯವರು ಕುರ್ಚಿ ಒಟ್ಟತೊಡಗಿದ ಮೇಲೂ ಸಾಬರು ತಮ್ಮ ಕುರ್ಚಿಯಿಂದ ಏಳಲಿಲ್ಲ. ಅದನ್ನು ನೆನೆದಾಗ, ಇಂಥವರಿಗೂ ಕುಳಿತುಕೊಳ್ಳುವ ಆಸೆ ಮೊದಲಿನಿಂದಲೂ ಇದ್ದೇ ಇರುತ್ತದೆ, ಕುಳಿತುಕೊಳ್ಳಿರೆಂದು ಗಟ್ಟಿಯಾಗಿ ಹೇಳುವವರು ಬೇಕಷ್ಟೆ ಅನ್ನಿಸುತ್ತದೆ.